ಹೊಸ ಎಲ್‌ಪಿಯಲ್ಲಿ ಟಿಕ್ ಟಿಕ್: ತಪ್ಪು ತಟ್ಟೆಯದೋ, ಪ್ಲೇಯರಿನದೋ?

ಪ್ರಶ್ನೆ: ನಾನು ಮೈಸೂರಿನವನು. ಅಪ್ಪ ಕೂಡಿಸಿಟ್ಟ ನಲವತ್ತು ಎಲ್‌ಪಿ ತಟ್ಟೆಗಳು (ಗ್ರಾಮಫೋನ್ ರೆಕಾರ್ಡುಗಳು) ಮನೆಯಲ್ಲಿವೆ. ಅವನ್ನು ಕೇಳಲೆಂದೇ ಹೋದ ವರ್ಷ ಒಂದು ಬೆಲ್ಟ್ ಡ್ರೈವ್ ಟರ್ನ್‌ಟೇಬಲ್ (ಬೆಲ್ಟಿನಿಂದ ತಟ್ಟೆ ತಿರುಗಿಸುವ ಪ್ಲೇಯರ್) ಕೊಂಡೆ. ಮೊನ್ನೆ ಮೊದಲ ಸಲ ಹೊಸ ರೆಕಾರ್ಡ್ ತರಿಸಿದೆ. 1950ರ ದಶಕದ ಅಮೆರಿಕನ್ ಜಾಝ್ ಗಾಯಕಿಯೊಬ್ಬರ ಆಲ್ಬಂ, ಯುರೋಪಿನಲ್ಲಿ ಅಚ್ಚಾದ ರೀಇಶ್ಯೂ (ಮರುಮುದ್ರಣ), 180 ಗ್ರಾಂ, ಬೆಲೆ 3,200 ರೂಪಾಯಿ. ಮೊದಲ ಬದಿಯಲ್ಲಿ ಮೂರು ನಿಮಿಷ ತಾಳ ಹಾಕಿದ ಹಾಗೆ ಟಿಕ್ ಟಿಕ್. ಎರಡನೇ ಬದಿಯ ಕೊನೆಯಲ್ಲಿ ಪಿಯಾನೋ ಸ್ವರ ನೀರಿನಲ್ಲಿ ತೇಲಿದ ಹಾಗೆ ಅಲುಗುತ್ತದೆ. ಅಂಚು ಒಂದು ಕಡೆ ತುಸು ಎದ್ದಿದೆ. ಅಂಗಡಿಯವರು ಒಂದು ಸಲ ಬದಲಿಸಿ ಕೊಟ್ಟರು. ಎರಡನೇ ಪ್ರತಿಯಲ್ಲಿ ಟಿಕ್ ಇಲ್ಲ. ಆದರೆ ಪಿಯಾನೋ ಹಾಗೇ ಅಲುಗುತ್ತದೆ. ಜೊತೆಗೆ ಮೊದಲ ಬದಿಯಲ್ಲಿ ಎಡಗಡೆ ಸ್ಪೀಕರಿನಿಂದ ಬಟ್ಟೆ ಹರಿದಂಥ ಸದ್ದು. ಎರಡೂ ಪ್ರತಿಗಳ ಕೊನೆಯ ಹಾಡಿನಲ್ಲಿ 'ಸ', 'ಶ' ಬಂದಲ್ಲೆಲ್ಲ ಎಂಜಲು ಸಿಡಿದ ಹಾಗೆ ಕೇಳುತ್ತದೆ. ಈಗ ಅಂಗಡಿಯವರು "ವಿನೈಲ್ ಅಂದ್ರೆ ಹಾಗೇ ಸಾರ್, ಆ ಚಟಪಟವೇ ಮಜಾ. ನಿಮ್ಮ ಪ್ಲೇಯರ್ ತೋರಿಸಿ. ಓಪನ್ ಮಾಡಿದ್ಮೇಲೆ ವಾಪಸ್ ಇಲ್ಲ" ಅನ್ನುತ್ತಿದ್ದಾರೆ. ಸ್ನೇಹಿತರೊಬ್ಬರು "ಡಿಜಿಟಲ್‌ನಿಂದ ತಟ್ಟೆ ಮಾಡಿದರೆ ಹೀಗೇ, ಹಳೇ ಒರಿಜಿನಲ್ ಹುಡುಕು" ಅಂದರು. ಯಾರ ಮಾತು ಸರಿ?

ಉತ್ತರ: ಇಬ್ಬರದೂ ಪೂರ್ತಿ ಸರಿಯಿಲ್ಲ. ನಿಮ್ಮ ಪತ್ರದಲ್ಲಿ ಐದು ದೂರುಗಳಿವೆ, ಐದೂ ಒಂದೇ ಕಾಯಿಲೆಯಲ್ಲ. ಟಿಕ್ ಟಿಕ್, ಪಿಯಾನೋ ಅಲುಗಾಟ, ಬಟ್ಟೆ ಹರಿಯುವ ಸದ್ದು ಈ ಮೂರೂ ತಟ್ಟೆಯವು. ಅಂಚು ಏಳುವುದು ತಟ್ಟೆಯದೇ, ಆದರೆ ನೀವು ಹೇಳಿದಷ್ಟಾದರೆ ನಾನು ಜಗಳ ಆಡುವುದಿಲ್ಲ. 'ಸ'ಕಾರದ ಸಿಡಿತ ಬಹುಮಟ್ಟಿಗೆ ನಿಮ್ಮ ಪ್ಲೇಯರಿನದು. ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ "ರೆಕಾರ್ಡ್ ಸರಿಯಿಲ್ಲ" ಎಂದು ಬರೆದರೆ ಅಂಗಡಿಯವರು ಆ ಕೊನೆಯದನ್ನು ಹಿಡಿದುಕೊಂಡು ಉಳಿದ ಮೂರನ್ನೂ ತಳ್ಳಿಹಾಕುತ್ತಾರೆ. ಈಗ ಆಗಿರುವುದೂ ಅದೇ ಅನಿಸುತ್ತದೆ.

ಮೊದಲು ಆ 'ಚಟಪಟವೇ ಮಜಾ' ಮಾತು. ಮೂವತ್ತು ವರ್ಷದಿಂದ ಪ್ಲೇಯರ್ ರಿಪೇರಿ ಮಾಡುತ್ತಿದ್ದೇನೆ. ಈ ಮಾತು ಕೇಳಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ. ಸರಿಯಾಗಿ ಅಚ್ಚಾದ, ತೊಳೆದ ಹೊಸ ರೆಕಾರ್ಡ್ ಬಹಳ ಮಟ್ಟಿಗೆ ಸದ್ದಿಲ್ಲದೆ ಓಡುತ್ತದೆ. ಹಾಡಿನ ನಡುವಿನ ಖಾಲಿ ಜಾಗದಲ್ಲಿ ತೆಳುವಾಗಿ 'ಸ್ಸ್' ಅನ್ನುವುದು, ಅಲ್ಲೊಂದು ಇಲ್ಲೊಂದು ಚಿಟ್ ಅನ್ನುವುದು ಸಹಜ. ಮೂರು ನಿಮಿಷ ಬಿಡದೆ ಟಿಕ್ ಅನ್ನುವುದು ಸಹಜವಲ್ಲ.

ಆ ಟಿಕ್ಕಿಗೆ ಒಂದು ಲೆಕ್ಕ ಇದೆ. ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ, ಅಂದರೆ ಒಂದು ಸುತ್ತಿಗೆ 1.8 ಸೆಕೆಂಡು. ಮುಂದೆ ಇಂಥ ಟಿಕ್ ಬಂದರೆ ಫೋನಿನ ಸ್ಟಾಪ್‌ವಾಚ್ ಹಿಡಿದು ಹತ್ತು ಟಿಕ್ಕಿನ ಅಂತರ ಅಳೆಯಿರಿ. 18 ಸೆಕೆಂಡು ಬಂದರೆ ಸುತ್ತಿಗೊಂದು ಸಲ ಮುಳ್ಳು ಅದೇ ಜಾಗದಲ್ಲಿ ಏನನ್ನೋ ಎಡವುತ್ತಿದೆ ಎಂದರ್ಥ. ಮೂರು ನಿಮಿಷಕ್ಕೆ ನೂರು ಸುತ್ತು. ಇಪ್ಪತ್ತು ನಿಮಿಷದ ಬದಿಯಲ್ಲಿ ಸುಮಾರು 670 ಸುತ್ತು, ಅವೆಲ್ಲ ಎಂಟೂವರೆ ಸೆಂಟಿಮೀಟರ್ ಅಗಲದೊಳಗೆ ಕೂತಿರುತ್ತವೆ. ಹಾಗಾದರೆ ನೂರು ಸುತ್ತಿಗೆ ಒಂದೂಕಾಲು ಸೆಂಟಿಮೀಟರ್ ಚಿಲ್ಲರೆ. ವಾಪಸ್ ಹೋದ ನಿಮ್ಮ ಮೊದಲ ತಟ್ಟೆಯ ಮೇಲೆ ಹೆಬ್ಬೆರಳ ಉಗುರಿನಷ್ಟು ಉದ್ದದ ಗೀರೋ, ಉಬ್ಬೋ ಇದ್ದಿರಬೇಕು. ಇಂಥದ್ದನ್ನು ನೋಡಲು ಕೋಣೆಯ ದೀಪ ಆರಿಸಿ, ಟಾರ್ಚನ್ನು ತಟ್ಟೆಯ ಮಟ್ಟಕ್ಕೆ ಹಿಡಿದು ಅಡ್ಡಬೆಳಕು ಬಿಡಿ. ಕಂಡೇ ಕಾಣುತ್ತದೆ. ಟಿಕ್ ಲೆಕ್ಕಕ್ಕೆ ಸಿಗದೆ ಮನಸ್ಸಿಗೆ ಬಂದ ಹಾಗೆ ಬಂದರೆ ಅದು ಧೂಳು, ಇಲ್ಲವೇ ಸ್ಟ್ಯಾಟಿಕ್. ಅದಕ್ಕೆ ತೊಳೆಯುವುದೇ ಮದ್ದು, ವಾಪಸ್ ಅಲ್ಲ.

ಇನ್ನು ಪಿಯಾನೋ. ನಿಮ್ಮ ಪತ್ರದಲ್ಲಿ ನನಗೆ ತುಂಬ ಕೆಲಸಕ್ಕೆ ಬಂದ ಸಾಲು ಇದೇ: ಬದಲಿ ಪ್ರತಿಯಲ್ಲೂ ಅಲುಗಾಟ ಹಾಗೇ ಇದೆ. ಇದು ಯಾಕೆ ಹೀಗೆ ಅಂತ ತಿಳಿಯಲು ತಟ್ಟೆ ಹುಟ್ಟುವ ಬಗೆ ಸ್ವಲ್ಪ ಗೊತ್ತಿರಬೇಕು.

ಹಾಡನ್ನು ಮೊದಲು ಲ್ಯಾಕರ್ ಬಳಿದ ಅಲ್ಯೂಮಿನಿಯಂ ತಟ್ಟೆಯ ಮೇಲೆ ಸುರುಳಿ ಗೆರೆಯಾಗಿ ಕೊರೆಯುತ್ತಾರೆ. ಅದಕ್ಕೆ ಬೆಳ್ಳಿಯ ತೆಳು ಲೇಪ ಕೊಟ್ಟು, ನಿಕಲ್ ಬೆಳೆಸಿ, ಸುಲಿದು ತೆಗೆಯುತ್ತಾರೆ. ಅದು 'ಫಾದರ್'. ಅದರಿಂದ 'ಮದರ್', ಮದರ್‌ನಿಂದ 'ಸ್ಟ್ಯಾಂಪರ್', ಅಂದರೆ ಒತ್ತುವ ಅಚ್ಚು. ಒಳ್ಳೇ ಕೂಡುಕುಟುಂಬ. ಕೊನೆಗೆ ಎರಡು ಸ್ಟ್ಯಾಂಪರ್‌ಗಳನ್ನು ಪ್ರೆಸ್ಸಿನ ಮೇಲೆ ಕೆಳಗೆ ಕೂರಿಸಿ, ನಡುವೆ ಬಿಸಿ ಪಿವಿಸಿ (ಪ್ಲಾಸ್ಟಿಕ್) ಉಂಡೆ ಇಟ್ಟು, ನೂರು ಟನ್ನಿಗೂ ಮೀರಿದ ಒತ್ತಡದಲ್ಲಿ ಒತ್ತುತ್ತಾರೆ. ಹಬೆಯಿಂದ ಕಾಯಿಸಿ, ನೀರು ಹರಿಸಿ ತಣಿಸುತ್ತಾರೆ. ಅರ್ಧ ನಿಮಿಷದಲ್ಲಿ ಒಂದು ತಟ್ಟೆ ಹೊರಗೆ. ಒಂದು ಸ್ಟ್ಯಾಂಪರ್‌ನಿಂದ ಸಾವಿರದ ಆಸುಪಾಸು ತಟ್ಟೆ ತೆಗೆದು ಬದಲಿಸುವುದು ವಾಡಿಕೆ.

ಆದ್ದರಿಂದ ದೋಷ ಯಾವ ಹಂತದಲ್ಲಿ ನುಸುಳಿತು ಅನ್ನುವುದು ಮುಖ್ಯ. ಗೀರು ಬಿದ್ದದ್ದು ಒಂದೇ ತಟ್ಟೆಯ ಹಣೆಬರಹ. ಸ್ಟ್ಯಾಂಪರ್ ನಡುವಿಗೆ ಸರಿಯಾಗಿ ಕೂರದಿದ್ದರೆ ಆ ಅಚ್ಚಿನ ಎಲ್ಲ ತಟ್ಟೆಗಳ ಹಣೆಬರಹವೂ ಅಷ್ಟೇ. ನಿಮ್ಮ ತಟ್ಟೆಗೆ ತೂತು ಒಂದೇ, ಆದರೆ ಮೊದಲ ಬದಿಯಲ್ಲಿ ಸ್ವರ ಅಲುಗುವುದಿಲ್ಲ, ಎರಡನೇ ಬದಿಯಲ್ಲಿ ಮಾತ್ರ ಅಲುಗುತ್ತದೆ ಅಲ್ವಾ? ಎರಡೂ ಬದಿಗೆ ಬೇರೆ ಬೇರೆ ಸ್ಟ್ಯಾಂಪರ್ ಇರುವುದರಿಂದ ಹೀಗಾಗುತ್ತದೆ. ಎರಡನೇ ಬದಿಯ ಅಚ್ಚು ನಡು ತಪ್ಪಿದೆ.

ಕಣ್ಣಿಗೂ ಇದು ಕಾಣುತ್ತದೆ. ತಟ್ಟೆ ಓಡುವಾಗ ಕಾರ್ಟ್ರಿಜ್ (ತೋಳಿನ ತುದಿಯಲ್ಲಿ ಮುಳ್ಳು ಹಿಡಿದಿರುವ ಪುಟ್ಟ ಭಾಗ) ಎದುರಿಗೆ ಕೂತು ನೋಡಿ. ತೋಳು ಮೇಲೆ ಕೆಳಗೆ ಆಡಿದರೆ ತಟ್ಟೆ ಬಾಗಿದೆ. ಎಡಕ್ಕೆ ಬಲಕ್ಕೆ ತೂಗಿದರೆ ನಡು ತಪ್ಪಿದೆ. ಮುಳ್ಳಿನ ಹಿಂದೆ ಸಣ್ಣ ಸ್ಕೇಲ್ ನಿಲ್ಲಿಸಿ ಫೋನಿನಲ್ಲಿ ವಿಡಿಯೊ ಮಾಡಿ. ಒಂದು ಸುತ್ತಿನಲ್ಲಿ ಒಟ್ಟು 1 ಮಿ.ಮೀ. ತೂಗಾಡಿದರೆ ನಡು ಅರ್ಧ ಮಿ.ಮೀ. ಸರಿದಿದೆ. ರೆಕಾರ್ಡ್ ತಯಾರಿಕೆಯ ಅಂತರರಾಷ್ಟ್ರೀಯ ಮಾನದಂಡ ಒಪ್ಪುವುದು 0.2 ಮಿ.ಮೀ. ಮಾತ್ರ.

ಅರ್ಧ ಮಿ.ಮೀ. ಏನು ಮಹಾ ಅನ್ನಬೇಡಿ. ತಟ್ಟೆಯ ಹೊರ ಅಂಚಿನಲ್ಲಿ, ನಡುವಿನಿಂದ 14 ಸೆಂ.ಮೀ. ದೂರದಲ್ಲಿ, ಇದರಿಂದ ಶ್ರುತಿ 0.36 ಶೇಕಡಾ ಮೇಲೆ ಕೆಳಗೆ ಆಗುತ್ತದೆ. ಒಳಗೆ, 7 ಸೆಂ.ಮೀ. ಹತ್ತಿರ ಬಂದಾಗ ಅದೇ ಅರ್ಧ ಮಿ.ಮೀ. 0.7 ಶೇಕಡಾ ಆಗುತ್ತದೆ. ಅದಕ್ಕೇ ನಿಮಗೆ ಕೊನೆಯ ಹಾಡಿನಲ್ಲಿ ಎದ್ದು ಕಾಣುತ್ತಿದೆ. ಡ್ರಮ್ಸ್, ಮಾತು ಇದ್ದರೆ ಕಿವಿ ಮಾಫಿ ಮಾಡುತ್ತದೆ. ಎಳೆದು ಬಿಟ್ಟ ಪಿಯಾನೋ ಸ್ವರ ಬಂದರೆ ಮಾಡುವುದಿಲ್ಲ. ತಂಬೂರಿ ಶ್ರುತಿ ಕೇಳಿ ಬೆಳೆದ ಕಿವಿಯಂತೂ ಹಲ್ಲುಕಚ್ಚಬೇಕಾಗುತ್ತದೆ. ಜಪಾನಿನ ನಕಮಿಚಿ ಕಂಪನಿ 1980ರ ದಶಕದಲ್ಲಿ, ತಟ್ಟೆಯ ನಡುವನ್ನು ತಾನೇ ಅಳೆದು ಸರಿಸಿಕೊಳ್ಳುವ ಟರ್ನ್‌ಟೇಬಲ್ಲನ್ನೇ ಮಾಡಿತ್ತು. ಆಗಲೂ ಈ ಕಾಟ ಇತ್ತು ಅನ್ನುವುದಕ್ಕೆ ಅದೇ ಸಾಕ್ಷಿ.

ನಿಮ್ಮ ಪ್ಲೇಯರ್ ಇಲ್ಲಿ ಆರೋಪಿ ಅಲ್ಲ. ಬೆಲ್ಟ್ ಸಡಿಲಾಗಿ ವೇಗ ಏರಿಳಿದರೂ ಸ್ವರ ಅಲುಗುತ್ತದೆ, ನಿಜ. ಆದರೆ ಆಗ ಎಲ್ಲ ತಟ್ಟೆಯಲ್ಲೂ ಅಲುಗಬೇಕು. ಅಪ್ಪನ ಎಲ್‌ಪಿಗಳಲ್ಲಿ ಉದ್ದ ಸ್ವರ ಇರುವ ಒಂದನ್ನು, ವೀಣೆಯದೋ ಶಹನಾಯಿಯದೋ, ಹಾಕಿ ಕೇಳಿ. ಅದು ನೆಟ್ಟಗೆ ನಿಂತರೆ ಅಂಗಡಿಯವರ 'ಪ್ಲೇಯರ್ ತೋರಿಸಿ' ವಾದ ಬಿದ್ದುಹೋಯಿತು. ಆ ವಿಡಿಯೊ ಕೂಡ ಇಟ್ಟುಕೊಳ್ಳಿ.

ಎರಡನೇ ಪ್ರತಿಯ ಬಟ್ಟೆ ಹರಿಯುವ ಸದ್ದಿಗೆ ನಮ್ಮವರು 'ನಾನ್‌ಫಿಲ್' ಅನ್ನುತ್ತಾರೆ. ಇಡ್ಲಿ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಿಟ್ಟು ಗಟ್ಟಿಯಾಗಿ ಗುಳಿಯ ಅಂಚಿಗೆ ಹೋಗದಿದ್ದರೆ ಇಡ್ಲಿಯ ಮೈ ತೂತುತೂತಾಗುತ್ತದೆ. ಇಲ್ಲೂ ಅಷ್ಟೇ. ಕಾವು ಸಾಲದೆಯೋ, ಒತ್ತಡ ಸಾಲದೆಯೋ ಪಿವಿಸಿ ಗೆರೆಯ ಮೂಲೆವರೆಗೆ ಹರಿದಿರುವುದಿಲ್ಲ. ಗೆರೆಯ ಎರಡು ಗೋಡೆಗಳು ಎರಡು ಸ್ಪೀಕರಿಗೆ; ಒಂದು ಗೋಡೆ ಮಾತ್ರ ಸೊರಗಿರುವುದರಿಂದ ಸದ್ದು ಒಂದೇ ಸ್ಪೀಕರಿನಲ್ಲಿ ಬರುತ್ತದೆ. ಅಡ್ಡಬೆಳಕಿನಲ್ಲಿ ನೋಡಿದರೆ ಸಣ್ಣ ಸಣ್ಣ ಚುಕ್ಕೆಗಳ ಪಟ್ಟೆ ಕಾಣಬಹುದು. ಇದು ತೊಳೆದರೆ ಹೋಗುವುದಿಲ್ಲ, ನೂರು ಸಲ ಓಡಿಸಿದರೂ ಹೋಗುವುದಿಲ್ಲ. 'ಎರಡು ಮೂರು ಸಲ ಹಾಕಿ, ಸವೆದು ಸರಿಹೋಗುತ್ತೆ' ಅಂದರೆ ನಂಬಬೇಡಿ. ಇಲ್ಲದ ಗೋಡೆ ಸವೆದು ಹುಟ್ಟುತ್ತದೆಯೇ?

ಅಂಚು ಏಳುವುದು ತಣಿಸುವ ಹಂತದ ಅವಸರದಿಂದ ಬರಬಹುದು, ಬಿಗಿಯಾದ ಪ್ಲಾಸ್ಟಿಕ್ ಸುತ್ತಿನಿಂದ ಬರಬಹುದು, ನಮ್ಮ ದಾರಿಯ ಬಿಸಿಲಿನಿಂದಲೂ ಬರಬಹುದು. ರೆಕಾರ್ಡಿನ ಪಿವಿಸಿ 60 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗತೊಡಗುತ್ತದೆ. ಏಪ್ರಿಲ್ ಮಧ್ಯಾಹ್ನ ಬಿಸಿಲಿನಲ್ಲಿ ನಿಂತ ಕೊರಿಯರ್ ಗಾಡಿಯೊಳಗೆ ಆ ಕಾವು ಏರುವುದು ಕಷ್ಟವೇನಲ್ಲ. ಮುಳ್ಳು ಹಾರದೆ, ಸ್ವರ ಕೆಡದೆ ಓಡುತ್ತಿದ್ದರೆ ಅಷ್ಟು ಬಾಗನ್ನು ಬಿಟ್ಟುಬಿಡಿ. ಎರಡು ಗಾಜಿನ ನಡುವೆ ಇಟ್ಟು ಬಿಸಿಲಿಗೆ ಇಡುವ ಉಪಾಯ ಯಾರಾದರೂ ಹೇಳಿದರೆ ಕೈಮುಗಿದು ಬನ್ನಿ. ತಟ್ಟೆ ನೆಟ್ಟಗಾಗಬಹುದು, ಗೆರೆ ಕರಗಿರುತ್ತದೆ. ಹಾಗೆ ಇಸ್ತ್ರಿಯಾದ ತಟ್ಟೆಗಳು ನನ್ನ ಮೇಜಿಗೆ ಬಂದಿವೆ. ನೋಡಲು ಚಂದ, ಕೇಳಲು ಮಳೆ.

ಈಗ ನಿಮ್ಮ ಸ್ನೇಹಿತರ ಮಾತು. ಡಿಜಿಟಲ್ ಮೂಲದಿಂದ ತಟ್ಟೆ ಕೊರೆದರು ಅನ್ನುವ ಕಾರಣಕ್ಕೆ ಟಿಕ್ ಬರುವುದಿಲ್ಲ, ನಡು ತಪ್ಪುವುದಿಲ್ಲ. ಅವು ಕಾರ್ಖಾನೆಯ ದೋಷಗಳು. ಮೂಲ ಯಾವುದು ಅನ್ನುವುದು ಬೇರೆಯೇ ಪ್ರಶ್ನೆ. ಕಿವಿಯಿಂದಲೇ ಅದನ್ನು ಹಿಡಿಯುತ್ತೇವೆ ಅನ್ನುವವರಿಗೆ 2022ರ ಜುಲೈಯಲ್ಲಿ ಒಳ್ಳೇ ಪಾಠ ಆಯಿತು. ಅಮೆರಿಕದ ಮೊಬೈಲ್ ಫಿಡೆಲಿಟಿ ಕಂಪನಿಯ ದುಬಾರಿ ರೀಇಶ್ಯೂಗಳು ಟೇಪಿನಿಂದ ನೇರ ಅನಲಾಗ್ ಎಂದೇ ಜನ ನಂಬಿದ್ದರು. ಅದರಲ್ಲಿ ಹಲವಕ್ಕೆ ನಡುವೆ ಡಿಜಿಟಲ್ ಹಂತ ಇದೆ ಎಂದು ಆಗ ಬಯಲಾಯಿತು. ವರ್ಷಗಟ್ಟಲೆ ಆ ತಟ್ಟೆಗಳ ಅನಲಾಗ್ ಸೊಗಸನ್ನು ಹೊಗಳಿದ ಕಿವಿಗಳು ಅದನ್ನು ಗುರುತಿಸಿರಲಿಲ್ಲ. ಕೊಂಡವರು ಕಂಪನಿಯ ಮೇಲೆ ಹೂಡಿದ ದಾವೆ ಸುಮಾರು 2.5 ಕೋಟಿ ಡಾಲರ್ ರಾಜಿಯಲ್ಲಿ ಮುಗಿಯಿತು. ತಪ್ಪು ಡಿಜಿಟಲ್ ಬಳಸಿದ್ದಲ್ಲ, ಹೇಳದೆ ಮಾರಿದ್ದು.

'ಒರಿಜಿನಲ್ಲೇ ಮೇಲು' ಅನ್ನುವುದೂ ಕುರುಡು ನಂಬಿಕೆ. ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ 1959ರ 'ಕೈಂಡ್ ಆಫ್ ಬ್ಲೂ' ಆಲ್ಬಂ ಗೊತ್ತಲ್ಲ? ಅದರ ಮೊದಲ ಬದಿಯ ಮೂರು ಹಾಡುಗಳನ್ನು ತುಂಬಿಕೊಂಡ ಟೇಪ್ ಮೆಷಿನ್ ಸ್ವಲ್ಪ ನಿಧಾನ ಓಡುತ್ತಿತ್ತು. ಸರಿ ವೇಗದಲ್ಲಿ ಹಾಕಿದಾಗ ಹಾಡು ಶ್ರುತಿಗಿಂತ ಮೇಲೆ ಹೋಯಿತು. 1992ರಲ್ಲಿ ಇನ್ನೊಂದು ಟೇಪಿನಿಂದ ತಿದ್ದಿದ ರೀಇಶ್ಯೂ ಬರುವವರೆಗೂ ಜಗತ್ತೆಲ್ಲ ಅದನ್ನು ತಪ್ಪು ಶ್ರುತಿಯಲ್ಲೇ ಕೇಳಿತು. ಅದರ ಮೊದಲ ಮುದ್ರಣಕ್ಕೆ ದುಬಾರಿ ದುಡ್ಡು ಕೊಡುವವರು ಆ ತಪ್ಪನ್ನೂ ಸೇರಿಸಿಯೇ ಕೊಳ್ಳುತ್ತಾರೆ.

180 ಗ್ರಾಂ ಬಗ್ಗೆಯೂ ಒಂದು ಮಾತು. ಸಾಮಾನ್ಯ ಎಲ್‌ಪಿ 120ರಿಂದ 140 ಗ್ರಾಂ. ದಪ್ಪ ತಟ್ಟೆ ಕೈಗೆ ಗತ್ತು ಕೊಡುತ್ತದೆ, ಗೆರೆಯ ಆಳ ಮಾತ್ರ ಅಷ್ಟೇ. ದಪ್ಪ ಜಾಸ್ತಿಯಾದಷ್ಟೂ ಕಾಯಿಸಲು ತಣಿಸಲು ಹೊತ್ತು ಜಾಸ್ತಿ ಬೇಕು. ಆ ಹೊತ್ತು ಕೊಡದೆ ಎಳೆದರೆ ನಾನ್‌ಫಿಲ್ಲೂ ಬಾಗೂ ಎರಡೂ ಬರುತ್ತವೆ.

ನೀವು ಕೊಂಡದ್ದು 1950ರ ದಶಕದ ಧ್ವನಿಮುದ್ರಣ, ಯುರೋಪಿನ ಮುದ್ರಣ. ಇಲ್ಲಿ ಒಂದು ಸೂಕ್ಷ್ಮ ಇದೆ. ಯುರೋಪಿಯನ್ ಒಕ್ಕೂಟದಲ್ಲಿ ಧ್ವನಿಮುದ್ರಣದ ಹಕ್ಕಿನ (ಕಾಪಿರೈಟ್ ಥರದ್ದು) ಅವಧಿಯನ್ನು 50ರಿಂದ 70 ವರ್ಷಕ್ಕೆ ಏರಿಸಿದರೂ, ಅಷ್ಟರಲ್ಲಾಗಲೇ ಅವಧಿ ಮುಗಿದಿದ್ದ, 1963ಕ್ಕಿಂತ ಮೊದಲು ಹೊರಬಂದ ಧ್ವನಿಮುದ್ರಣಗಳಿಗೆ ಅದು ತಗಲುವುದಿಲ್ಲ. ಅಂದರೆ ಈ ಹಕ್ಕಿನ ಮಟ್ಟಿಗೆ ಅವನ್ನು ಅಲ್ಲಿ ಯಾರು ಬೇಕಾದರೂ ಅಚ್ಚುಹಾಕಬಹುದು, ಮೂಲ ಟೇಪ್ ಇಲ್ಲದೆ ಸಿಡಿಯಿಂದಲೂ. ನಮ್ಮಲ್ಲಿ ಅವಧಿ 60 ವರ್ಷ, 1950ರ ದಶಕದವಕ್ಕೆ ಅದೂ ಮುಗಿದಿದೆ. ಇದು ಕಳ್ಳಮಾಲಲ್ಲ. ಗುಣಮಟ್ಟ ಮಾತ್ರ ಅದೃಷ್ಟದ ಮೇಲೆ. ಕವರಿನ ಹಿಂದೆ ಯಾರು ಮಾಸ್ಟರ್ ಮಾಡಿದರು (ತಟ್ಟೆಗಾಗಿ ಧ್ವನಿ ಹದಗೊಳಿಸಿದರು), ಯಾವ ಟೇಪಿನಿಂದ ಅನ್ನುವ ಒಂದು ಸಾಲೂ ಇಲ್ಲದೆ ಬರೀ '180 ಗ್ರಾಂ' ಚೀಟಿ ಅಂಟಿಸಿದ್ದರೆ ನಾನು ಮುಂದೆ ಹೋಗುತ್ತೇನೆ. ಆದರೆ ಧ್ವನಿ ಸಪ್ಪೆ ಅನ್ನುವ ಕಾರಣಕ್ಕೆ ವಾಪಸ್ ಕೇಳಲಾಗುವುದಿಲ್ಲ. 'ಮೂಲ ಟೇಪಿನಿಂದ' ಎಂದು ಸುಳ್ಳು ಬರೆದಿದ್ದರೆ ಮಾತ್ರ ಅದು ದೂರು.

ಈಗ ನಿಮ್ಮ ಮುಂದಿರುವ ದಾರಿ. ಮೂರನೇ ಪ್ರತಿ ಕೇಳಬೇಡಿ. ಅಂಗಡಿಯ ಕಪಾಟಿನಲ್ಲಿರುವುದೆಲ್ಲ ಬಹುಶಃ ಒಂದೇ ಪೆಟ್ಟಿಗೆಯಲ್ಲಿ ಬಂದ, ಒಂದೇ ಅಚ್ಚಿನ ಮಾಲು. ಲೇಬಲ್ ಮತ್ತು ಕೊನೆಯ ಗೆರೆಯ ನಡುವಿನ ಖಾಲಿ ಜಾಗದಲ್ಲಿ ಕೆತ್ತಿದ ಅಕ್ಷರ ಅಂಕಿಗಳನ್ನು ಮೊದಲ ಪ್ರತಿ ಕಳಿಸುವ ಮೊದಲು ಬರೆದಿಟ್ಟುಕೊಂಡಿದ್ದರೆ ಎರಡನೆಯದಕ್ಕೆ ಹೋಲಿಸಿ ನೋಡಿ. ನಾನೇ ಒಮ್ಮೆ ಹಟಕ್ಕೆ ಬಿದ್ದು ಒಂದು ಆಲ್ಬಂ ಮೂರು ಸಲ ಬದಲಿಸಿದ್ದೇನೆ. ಮೂರರಲ್ಲೂ ಅದೇ ಹಾಡಿನ ಅದೇ ಜಾಗದಲ್ಲಿ ಅದೇ ಸದ್ದು. ದುಡ್ಡೇ ವಾಪಸ್ ಕೇಳಿ, ಬೇರೆ ಮುದ್ರಣ ಹುಡುಕಿ.

ತೂತನ್ನು ಅಗಲ ಮಾಡಿ ತಟ್ಟೆಯನ್ನು ಕೈಯಲ್ಲೇ ಸರಿಸಿ ನಡು ಕೂರಿಸುವವರಿದ್ದಾರೆ. ಕೆಲಸವೇನೋ ಮಾಡುತ್ತದೆ, ಬದಿ ತಿರುಗಿಸಿದಾಗ ಮತ್ತೆ ಸರಿಸಬೇಕು. ಒಮ್ಮೆ ಕೊರೆದರೆ ವಾಪಸ್ ಹಕ್ಕು ಅಲ್ಲಿಗೇ ಮುಗಿಯಿತು.

ಕಳಿಸುವ ಮೊದಲು ಒಮ್ಮೆ ತೊಳೆದು ಕೇಳಿ, ಆಗ 'ಧೂಳಿರಬೇಕು' ಅನ್ನುವ ಬಾಯಿ ಮುಚ್ಚುತ್ತದೆ. ಡಿಸ್ಟಿಲ್ಡ್ ವಾಟರ್, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್, ಮೆತ್ತನೆ ಬಟ್ಟೆ. ಗೆರೆಯ ಗುಂಟ ಒರೆಸಿ, ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ಇನ್ನೊಮ್ಮೆ ತೊಳೆದು ಒಣಗಿಸಿ. ಲೇಬಲ್ ಒದ್ದೆಯಾಗಬಾರದು. ಇನ್ವರ್ಟರ್ ಬ್ಯಾಟರಿ ಅಂಗಡಿಯಲ್ಲಿ ನೀರು ಕೊಳ್ಳುವುದಾದರೆ ಡಬ್ಬಿಯ ಮೇಲಿನ ಹೆಸರು ಎರಡು ಸಲ ಓದಿ, ಪಕ್ಕದಲ್ಲೇ ಆಸಿಡ್ ಇಟ್ಟಿರುತ್ತಾರೆ. ಮನೆಯಲ್ಲಿ 78 ವೇಗದ ಹಳೇ ತಟ್ಟೆಗಳಿದ್ದರೆ ಅವಕ್ಕೆ ಸ್ಪಿರಿಟ್ ಮುಟ್ಟಿಸಲೇಬೇಡಿ. ಅವು ಅರಗಿನವು, ಸ್ಪಿರಿಟ್ಟಿಗೆ ಕರಗುತ್ತವೆ.

'ಓಪನ್ ಮಾಡಿದ್ಮೇಲೆ ವಾಪಸ್ ಇಲ್ಲ' ಅನ್ನುವ ಮಾತು ಮನಸ್ಸು ಬದಲಾಯಿಸಿದವರಿಗೆ ಸರಿ, ದೋಷದ ಮಾಲಿಗಲ್ಲ. ತೆರೆಯದೆ ದೋಷ ತಿಳಿಯುವುದಾದರೂ ಹೇಗೆ? ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಕೆಳಗೆ 2020ರಲ್ಲಿ ಬಂದ ಇ-ಕಾಮರ್ಸ್ ನಿಯಮಗಳ ಪ್ರಕಾರ, ಆನ್‌ಲೈನಿನಲ್ಲಿ ಮಾರಿದ ಮಾಲು ದೋಷದ್ದಾಗಿದ್ದರೆ ಮಾರಿದವರು ವಾಪಸ್ ತಗೊಳ್ಳಲು, ದುಡ್ಡು ಹಿಂದಿರುಗಿಸಲು ನಿರಾಕರಿಸುವಂತಿಲ್ಲ. ದೂರು ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿತು ಎನ್ನಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಸುಮ್ನೆ ಫೋನಿನಲ್ಲಿ ಕೂಗಾಡಿ ಪ್ರಯೋಜನವಿಲ್ಲ, ಇಮೇಲ್ ಬರೆಯಿರಿ. ಕೋಪ ಬೇಡ, ಸಾಹಿತ್ಯ ಬೇಡ. ಹೀಗೆ ಸಾಕು: "ಎರಡನೇ ಬದಿ ನಡು ತಪ್ಪಿದೆ. ಸುತ್ತಿಗೆ ಇಷ್ಟು ಮಿ.ಮೀ. ತೂಗುತ್ತದೆ, ವಿಡಿಯೊ ಇದೆ. ಮೊದಲ ಪ್ರತಿಯಲ್ಲೂ ಇದೇ ದೋಷ ಇತ್ತು. ಮೊದಲ ಬದಿಯಲ್ಲಿ ಇಂಥ ನಿಮಿಷದಿಂದ ಇಂಥ ನಿಮಿಷದವರೆಗೆ ನಾನ್‌ಫಿಲ್, ಧ್ವನಿ ತುಣುಕು ಇದೆ. ಇದೇ ಪ್ಲೇಯರಿನಲ್ಲಿ ಬೇರೆ ತಟ್ಟೆ ಸರಿಯಾಗಿ ಓಡುವ ವಿಡಿಯೊ ಇದೆ. ಬದಲಿ ಬೇಡ, ಪೂರ್ತಿ ಹಣ ವಾಪಸ್ ಕೊಡಿ." 'ಸ'ಕಾರದ ಸುದ್ದಿ ಎತ್ತಲೇಬೇಡಿ. ಟಿಕ್ಕಿನ ಕತೆ ಹೋದ ಪ್ರತಿಯೊಂದಿಗೆ ಮುಗಿಯಿತು.

ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಬಹಳ ಸಲ ಅಲ್ಲಿಗೇ ಮುಗಿಯುತ್ತದೆ. ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು. ಎರಡು ವರ್ಷದ ಗಡುವಿದೆ, ಐದು ಲಕ್ಷದೊಳಗಿನ ಖರೀದಿಗೆ ಶುಲ್ಕವಿಲ್ಲ. ಆದರೆ 3,200 ರೂಪಾಯಿಗೆ ಓಡಾಟದ ಲೆಕ್ಕವನ್ನು ನೀವೇ ಹಾಕಿಕೊಳ್ಳಿ. ಮುಂದೆ ವಿದೇಶದ ಅಂಗಡಿಯಿಂದ ನೇರ ತರಿಸುವುದಾದರೆ ಇನ್ನೂ ಹುಷಾರು. ವಾಪಸ್ ಅಂಚೆ ಖರ್ಚು ತಟ್ಟೆಯ ಬೆಲೆಯನ್ನೇ ನುಂಗುತ್ತದೆ, ಕಟ್ಟಿದ ಸುಂಕ ಸುಲಭಕ್ಕೆ ಮರಳುವುದಿಲ್ಲ. ಅಂಥ ಕಡೆ ನಾನು ತಟ್ಟೆ ಇಟ್ಟುಕೊಂಡು ಅರ್ಧ ಹಣ ವಾಪಸ್ ಕೇಳುತ್ತೇನೆ. ಬಹಳ ಜನ ಒಪ್ಪುತ್ತಾರೆ.

ಉಳಿದದ್ದು ಆ 'ಸ', 'ಶ'. ತಟ್ಟೆಯ ಹೊರ ಅಂಚಿನಲ್ಲಿ ಗೆರೆ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂ.ಮೀ. ಓಡುತ್ತದೆ, ಒಳಗೆ ಬಂದಾಗ 21ಕ್ಕೆ ಇಳಿಯುತ್ತದೆ. ಅದೇ 'ಸ'ಕಾರವನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಹಿಸುಕಿ ಬರೆದಿರುತ್ತಾರೆ. ಕಾರ್ಟ್ರಿಜ್ ಒಂದು ಕೂದಲಷ್ಟು ವಾರೆ ಇದ್ದರೂ ಅಲ್ಲಿ ಮುಳ್ಳು ತತ್ತರಿಸುತ್ತದೆ. ಹಾಸನದ ಒಬ್ಬರು ಇದೇ ಕಾರಣಕ್ಕೆ ಎರಡು ರೆಕಾರ್ಡ್ ವಾಪಸ್ ಕಳಿಸಿದ ಮೇಲೆ ನನ್ನ ಹತ್ತಿರ ಬಂದರು. ಭೂತಗನ್ನಡಿಯಲ್ಲಿ ನೋಡಿದರೆ ಮುಳ್ಳಿನ ತುದಿಗೆ ಎಳ್ಳಿನಷ್ಟು ನಾರಿನ ಉಂಡೆ. ನೀವೂ ಮೊದಲು ಮುಳ್ಳನ್ನು ಹಿಂದಿನಿಂದ ಮುಂದಕ್ಕೆ ಬ್ರಷ್ ಮಾಡಿ. ಆಮೇಲೆ ಭಾರ ಅಳೆಯುವ ಪುಟ್ಟ ತಕ್ಕಡಿ ತಂದು, ಕಾರ್ಟ್ರಿಜ್ ಜೊತೆ ಬಂದ ಚೀಟಿಯಲ್ಲಿ ಹೇಳಿದಷ್ಟೇ ಗ್ರಾಂ ಇಡಿ. ಕಡಿಮೆ ಭಾರ ಇಟ್ಟರೆ ತಟ್ಟೆ ಬಾಳುತ್ತದೆ ಅನ್ನುವುದು ತಪ್ಪು. ಹಗುರ ಮುಳ್ಳು ಕುಣಿದು ಗೆರೆಯನ್ನೇ ಕೆಡಿಸುತ್ತದೆ. ನಂತರ ಪ್ರೊಟ್ರ್ಯಾಕ್ಟರ್ ಕಾಗದ (ಕಾರ್ಟ್ರಿಜ್ ನೆಟ್ಟಗಿದೆಯೇ ಎಂದು ತೋರಿಸುವ ಗೆರೆ ಎಳೆದ ಕಾಗದ) ಹಾಕಿ ಕಾರ್ಟ್ರಿಜ್ ನೆಟ್ಟಗೆ ಮಾಡಿಕೊಳ್ಳಿ. ಅಪ್ಪನ ಎಲ್‌ಪಿಗಳ ಕೊನೆಯ ಹಾಡುಗಳಲ್ಲೂ ಈ ಸಿಡಿತ ಇದೆಯೇ ಎಂದು ನೀವು ಬರೆದಿಲ್ಲ. ಇವತ್ತು ರಾತ್ರಿ ಒಂದನ್ನು ಹಾಕಿ ಕೇಳಿ. ಅಲ್ಲೂ ಸಿಡಿದರೆ ಮೇಲಿನ ಕೆಲಸ ನಾಳೆಯೇ ಮಾಡಿ, ಅವುಗಳಿಗೆ ಬದಲಿ ಪ್ರತಿ ಸಿಗುವುದಿಲ್ಲ.